ಕಾಯಿಲೆ ಮುಚ್ಚಿಡದೆ ವಿಮಾನ ಹತ್ತುವುದು ಹೇಗೆ?

ಆರನೇ ಕೀಮೋ ಮುಗಿಸಿ ಮುಂಬೈಯ ಪರೇಲ್‌ನ ಆಸ್ಪತ್ರೆಯಿಂದ ಡೊಂಬಿವಲಿಯ ಮನೆಗೆ ಬಂದ ರಾತ್ರಿನೇ ಸಿಂಗಪುರದಿಂದ ಮಗಳ ಫೋನ್ ಬಂತು. ಅವಳಿಗೆ ಆಗ ಮೂರು ತಿಂಗಳು. "ಅಮ್ಮಾ, ಆಗಸ್ಟ್‌ಗೆ ನಿಂಗೆ ಬರೋಕಾಗುತ್ತಾ?" ಅಂತ ಕೇಳಿದವಳು, ನಾನು ಬಾಯಿ ತೆರೆಯುವ ಮೊದಲೇ "ಆಗದಿದ್ರೆ ಪರವಾಗಿಲ್ಲ" ಅಂದಳು. ಚೊಚ್ಚಲ ಬಾಣಂತನ. ನಾನೋ, ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ.

ಆದರೂ ಹೋಗಿ ಬಂದೆ. ನನ್ನದು ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್. ನಿಮ್ಮದು ಬೈಪಾಸ್ ಇರಬಹುದು, ಕಿಡ್ನಿ ಕಸಿ ಇರಬಹುದು, ಹೊಟ್ಟೆಯ ದೊಡ್ಡ ಆಪರೇಷನ್ ಇರಬಹುದು. ತಯಾರಿ ಹೆಚ್ಚುಕಮ್ಮಿ ಒಂದೇ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ಪಿಸುಮಾತು. ಪಕ್ಕದ ಮನೆಯವರಿಗೆ ಗೊತ್ತಾಗಬಾರದು, ಬೀಗರಿಗೆ ಗೊತ್ತಾಗಬಾರದು. ಊರಲ್ಲಿ ಅದು ಹೇಗೋ ನಡೆಯುತ್ತದೆ, ದೂರದ ಪ್ರಯಾಣದಲ್ಲಿ ಕೈಕೊಡುತ್ತದೆ. ಡಾಕ್ಟರಿಗೆ, ಇನ್ಶೂರೆನ್ಸ್‌ನವರಿಗೆ, ಏರ್‌ಲೈನ್‌ನವರಿಗೆ, ಯಾರ ಮನೆಗೆ ಹೋಗುತ್ತೀರೋ ಅವರಿಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಮೊದಲು ಡಾಕ್ಟರ್, ಆಮೇಲೆ ಟಿಕೆಟ್

"ಫಾರಿನ್‌ಗೆ ಹೋಗಬಹುದಾ ಡಾಕ್ಟ್ರೇ?" ಅಂತ ಕೇಳಿದರೆ "ನೋಡೋಣ" ಅನ್ನೋ ಉತ್ತರ ಬರುತ್ತದೆ, ಅಷ್ಟೇ. ಎಲ್ಲಿಗೆ, ಎಷ್ಟು ಗಂಟೆಯ ವಿಮಾನ, ಎಷ್ಟು ದಿನ, ಅಲ್ಲಿ ಹೋಗಿ ಏನು ಮಾಡುತ್ತೀರಿ, ಎಲ್ಲ ಬರೆದುಕೊಂಡು ಹೋಗಿ. ನಾನು ಬಾಣಂತನಕ್ಕೆ ಅಂದಾಗಲೇ ನಮ್ಮ ಡಾಕ್ಟರ್ ಕುರ್ಚಿ ಮುಂದಕ್ಕೆ ಎಳೆದುಕೊಂಡು ಸರಿಯಾಗಿ ಕೂತರು. ಹುಟ್ಟಿದ ಮಗುವಿಗೆ ಆರು ವಾರದ ನಂತರ ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆ ಜೀವಂತ ವೈರಸ್ಸಿನದು, ಅದು ಕೆಲವು ದಿನ ಮಗುವಿನ ಮಲದಲ್ಲಿ ಹೋಗುತ್ತಿರುತ್ತದೆ, ಕೀಮೋದಿಂದ ರೋಗನಿರೋಧಕ ಶಕ್ತಿ ಕುಗ್ಗಿದ ನಿಮಗೆ ತಗಲಬಹುದು, ಅದಕ್ಕೇ ಡೈಪರ್ ಬದಲಾಯಿಸುವ ಕೆಲಸ ಬೇರೆಯವರಿಗೆ ಬಿಡಿ, ಬಿಡೋಕಾಗದಿದ್ದರೆ ಸೋಪು ಹಾಕಿ ಚೆನ್ನಾಗಿ ಕೈ ತೊಳೆಯಿರಿ ಅಂದರು. ಸುಮ್ನೆ "ಮಗಳನ್ನು ನೋಡೋಕೆ" ಅಂದಿದ್ದರೆ ಈ ಮಾತು ಬರುತ್ತಲೇ ಇರಲಿಲ್ಲ.

ವಿಮಾನದೊಳಗಿನ ಗಾಳಿಯ ಬಗ್ಗೆಯೂ ಕೇಳಿ. ಮೇಲೆ ಹೋದಾಗ ಕ್ಯಾಬಿನ್‌ನಲ್ಲಿ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟೇ ಒತ್ತಡ ಇರುತ್ತದೆ. ಊಟಿ ಇರೋದು ಸುಮಾರು 7,350 ಅಡಿಯಲ್ಲಿ. ಅಂದರೆ ಅಷ್ಟೂ ಹೊತ್ತು ಊಟಿಯಲ್ಲಿ ಕೂತ ಹಾಗೆ. ಗಟ್ಟಿ ಇದ್ದವರಿಗೆ ಏನೂ ಅನ್ನಿಸುವುದಿಲ್ಲ. ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲಿದ್ದರೆ, ಶ್ವಾಸಕೋಶ ಸೋತಿದ್ದರೆ, ಮೈಗೆ ಗೊತ್ತಾಗುತ್ತದೆ. ಆಪರೇಷನ್ ಆದವರಿಗೆ ಇನ್ನೊಂದು ತೊಂದರೆ ಇದೆ. ಒಳಗೆ ಸಿಕ್ಕಿಕೊಂಡ ಗಾಳಿ ಆ ಎತ್ತರದಲ್ಲಿ ಹಿಗ್ಗುತ್ತದೆ. ಎದೆ, ಹೊಟ್ಟೆಯ ದೊಡ್ಡ ಆಪರೇಷನ್ ಆದ ಮೇಲೆ 10 ದಿನವಾದರೂ ವಿಮಾನ ಬೇಡ ಅನ್ನುವುದು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಸಲಹೆ. ನಿಮ್ಮ ಡಾಕ್ಟರ್ ಇನ್ನೂ ಜಾಸ್ತಿ ದಿನ ಹೇಳಿದರೆ ಅವರ ಮಾತೇ ಮಾತು. ಕೀಮೋ ಇನ್ನೂ ನಡೆಯುತ್ತಿದ್ದರೆ ಪ್ರತಿ ಸಲ ಮದ್ದು ಹೋದ ಮೇಲೆ 7ರಿಂದ 14 ದಿನದ ಒಳಗೆ ಬಿಳಿ ರಕ್ತಕಣ ತೀರಾ ಕೆಳಗಿಳಿಯುವುದು ಸಾಮಾನ್ಯ, ಆ ದಿನಗಳಲ್ಲಿ ಏರ್‌ಪೋರ್ಟಿನ ಜನಜಂಗುಳಿ ಬೇಡವೇ ಬೇಡ.

ಮುಂದಿನ ಸ್ಕ್ಯಾನ್ ಯಾವಾಗ ಅಂತ ಕೇಳಿಕೊಂಡು, ಅದರ ರಿಪೋರ್ಟ್ ಕೈಗೆ ಬಂದ ಮೇಲಿನ ದಿನಕ್ಕೇ ಟಿಕೆಟ್ ಮಾಡಿ. ರಿಪೋರ್ಟಿಗೆ ಕಾಯುತ್ತಾ ಪರದೇಶದಲ್ಲಿ ಕೂತರೆ ನಿದ್ದೆ ಬರುವುದಿಲ್ಲ.

ಆಫ್ರಿಕಾ ಕಡೆ ಹೋಗುವವರಿಗೆ ಒಂದು ಮಾತು. ಉಗಾಂಡದಂಥ ದೇಶಕ್ಕೆ ಹಳದಿ ಜ್ವರದ ಲಸಿಕೆ ಬೇಕು. ಅದೂ ಜೀವಂತ ಲಸಿಕೆ, ರೋಗನಿರೋಧಕ ಶಕ್ತಿ ಕುಗ್ಗಿದವರು ಹಾಕಿಸಿಕೊಳ್ಳಬಾರದು. ಇದನ್ನು ಎಲ್ಲಕ್ಕಿಂತ ಮೊದಲೇ ವಿಚಾರಿಸಿ.

ಮುಂಬೈಯಲ್ಲೇ ಒಂದು ರಿಹರ್ಸಲ್

ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನಾನೇ ಮಾಡಿ ಕಲಿತದ್ದು. ಹೊರಡುವ ಎರಡು ತಿಂಗಳ ಮುಂಚೆ ದಿನಾ ಸಂಜೆ ನಮ್ಮ ಕಟ್ಟಡದ ಮೆಟ್ಟಿಲು. ಮೊದಲ ವಾರ ಒಂದು ಮಹಡಿ, ಆಮೇಲೆ ಎರಡು. ನಂತರ ಒಂದು ದಿನ ಲೋಕಲ್‌ನಲ್ಲಿ ಮಾಟುಂಗಾಕ್ಕೆ ಹೋಗಿ ಬರುವುದು ಅಂತ ತೀರ್ಮಾನ ಮಾಡಿದೆವು. ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಅವಕಾಶ ಇದೆ, ಆಸ್ಪತ್ರೆಯ ಕಾಗದ ಜೊತೆಗಿರಲಿ. ಎಷ್ಟೋ ಜನ ಇದು ಗೊತ್ತಿಲ್ಲದೆ, ಗೊತ್ತಿದ್ದರೂ ನಾಚಿಕೆಪಟ್ಟು, ಗದ್ದಲದಲ್ಲೇ ನೇತಾಡುತ್ತಾರೆ.

ಇಡ್ಲಿ ತಿಂದು, ಮಾರ್ಕೆಟ್‌ನಲ್ಲಿ ಸೊಪ್ಪು ತಗೊಂಡು ಮನೆಗೆ ಬಂದೆ. ಆವತ್ತು ಏನೂ ಆಗಲಿಲ್ಲ. ಮರುದಿನ ಮಾತ್ರ ಹಾಸಿಗೆಯಿಂದ ಏಳಲಾಗಲಿಲ್ಲ, ಹಲ್ಲುಜ್ಜಲು ಕೈ ಎತ್ತುವುದೂ ಕಷ್ಟ. ಆಗ ತಿಳಿಯಿತು, ನನ್ನ ದಣಿವು ಒಂದು ದಿನ ತಡವಾಗಿ ಬರುತ್ತದೆ ಅಂತ. ಅದಕ್ಕೇ ಸಿಂಗಪುರದಲ್ಲಿ ಇಳಿದ ದಿನವೂ ಅದರ ಮರುದಿನವೂ ಯಾರನ್ನೂ ಮನೆಗೆ ಕರೆಯಬೇಡ ಅಂತ ಮಗಳಿಗೆ ಹೇಳಿಟ್ಟೆ. ಹೆರಿಗೆಗೆ ಮೂರು ವಾರ ಇರುವಾಗಲೇ ಅಲ್ಲಿರುವ ಹಾಗೆ ದಿನ ಗೊತ್ತುಮಾಡಿದೆವು.

ಟಿಕೆಟ್ ಮತ್ತು ಗಾಲಿಕುರ್ಚಿ

ನಾಲ್ಕೈದು ಸಾವಿರ ಉಳಿಯುತ್ತದೆ ಅಂತ ಎರಡು ವಿಮಾನ ಬದಲಾಯಿಸಬೇಡಿ. ಮುಂಬೈಯಿಂದ ಸಿಂಗಪುರಕ್ಕೆ ನೇರ ವಿಮಾನವಾದರೆ ಐದೂವರೆ ಗಂಟೆ, ನಡುವೆ ಇಳಿದು ಹತ್ತಿದರೆ ಒಂದಿಡೀ ದಿನ. ದಿನಾಂಕ ಬದಲಾಯಿಸಬಹುದಾದ ಟಿಕೆಟ್ ತಗೊಳ್ಳಿ. ಸೀಟು ನಡುದಾರಿಯ ಪಕ್ಕದ್ದೇ ಇರಲಿ.

ಗಾಲಿಕುರ್ಚಿ ಬೇಕು ಅಂತ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು. ಟಿಕೆಟ್ ಮಾಡುವಾಗಲೇ ಹೇಳಿದರೆ ಇನ್ನೂ ಒಳ್ಳೆಯದು. ಮೂರು ಬಗೆ ಇದೆ: ಮೆಟ್ಟಿಲು ಹತ್ತಬಲ್ಲೆ ಆದರೆ ದೂರ ನಡೆಯಲಾರೆ ಅನ್ನುವವರಿಗೆ ಒಂದು, ಮೆಟ್ಟಿಲೂ ಆಗದವರಿಗೆ ಇನ್ನೊಂದು, ಸೀಟಿನವರೆಗೂ ಕರೆದುಕೊಂಡು ಹೋಗಬೇಕಾದವರಿಗೆ ಮತ್ತೊಂದು. ನಿಮ್ಮದು ಯಾವುದು ಅಂತ ಸರಿಯಾಗಿ ಹೇಳಿ. ನನಗೆ ಅದರಲ್ಲಿ ಕೂರಲು ಮನಸ್ಸೇ ಇರಲಿಲ್ಲ. ಮುಂಬೈ ಏರ್‌ಪೋರ್ಟಿನ ಟರ್ಮಿನಲ್ 2ರಲ್ಲಿ ಒಳಗೆ ಹೋದ ಮೇಲೆ ಗೇಟಿನವರೆಗಿನ ದಾರಿ ನೋಡಿದಾಗ ನಮ್ಮವರು ಏನೂ ಮಾತಾಡದೆ ನನ್ನ ಹೆಗಲ ಚೀಲ ತೆಗೆದು ಕುರ್ಚಿಯ ಮೇಲಿಟ್ಟರು. ಕೂತೆ. ಗೇಟಿಗೆ ಹೋದಾಗ ಮೈಯಲ್ಲಿ ತ್ರಾಣ ಇನ್ನೂ ಉಳಿದಿತ್ತು, ಅದು ವಿಮಾನದಲ್ಲಿ ಬೇಕಾಯಿತು.

ಇತ್ತೀಚೆಗೆ ಆಪರೇಷನ್ ಆದವರು, ಆಕ್ಸಿಜನ್ ಬೇಕಾದವರು ಏರ್‌ಲೈನ್‌ನ ಮೆಡಿಫ್ ಅನ್ನುವ ಫಾರಂ ಅನ್ನು ಡಾಕ್ಟರಿಂದ ತುಂಬಿಸಿ ಮೊದಲೇ ಕಳಿಸಬೇಕು. ಸ್ವಂತ ಆಕ್ಸಿಜನ್ ಸಿಲಿಂಡರ್ ತರಲು ಸಾಮಾನ್ಯವಾಗಿ ಬಿಡುವುದಿಲ್ಲ. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಬ್ಯಾಟರಿಯ ಯಂತ್ರ, ಅಂದರೆ ಕಾನ್ಸಂಟ್ರೇಟರ್ ಆದರೆ, ಪ್ರಯಾಣದ ಹೊತ್ತಿನ ಒಂದೂವರೆ ಪಟ್ಟು ಸಾಕಾಗುವಷ್ಟು ಬ್ಯಾಟರಿ ಕೇಳುವುದು ರೂಢಿ.

ಇನ್ಶೂರೆನ್ಸ್ ಫಾರಂನ ಆ ಒಂದು ಪ್ರಶ್ನೆ

"ಮೊದಲಿಂದ ಯಾವುದಾದರೂ ಕಾಯಿಲೆ ಇದೆಯೇ?" ಇಲ್ಲೇ ಹೆಚ್ಚಿನವರು ಎಡವುವುದು. ನಮಗೆ ಪಾಲಿಸಿ ಮಾಡಿಸಲು ಬಂದ ಹುಡುಗ "ಇಲ್ಲ ಅಂತ ಟಿಕ್ ಮಾಡಿ ಅಕ್ಕಾ, ಯಾರು ನೋಡ್ತಾರೆ" ಅಂದ. ಫಾರಂ ತಿರುಗಿಸಿ ಕೊಟ್ಟುಬಿಟ್ಟೆ. ಅವರು ನೋಡುವುದು ಕ್ಲೇಮ್ ಬಂದ ದಿನ. ಸುಳ್ಳು ಸಿಕ್ಕಿತೆಂದರೆ ಕಾಲು ಮುರಿದದ್ದಕ್ಕೂ ದುಡ್ಡು ಬರದೆ ಹೋಗಬಹುದು.

ನಮ್ಮಲ್ಲಿನ ಎಷ್ಟೋ ಟ್ರಾವೆಲ್ ಪಾಲಿಸಿಗಳು ಹಳೆಯ ಕಾಯಿಲೆಯನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಪ್ರಾಣಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಒಂದು ಮಿತಿಯವರೆಗೆ, ಕೊಡುತ್ತವೆ. ಆ ಮಿತಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಇಮೇಲ್ ಕಳಿಸಿ, ಉತ್ತರ ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಡಾಕ್ಟರ್ ಬೇಡ ಅಂದರೂ ಹೋದವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ, ಹಾಗಾಗಿ ಪ್ರಯಾಣಕ್ಕೆ ಅಡ್ಡಿಯಿಲ್ಲ ಅನ್ನುವ ಸರ್ಟಿಫಿಕೇಟ್ ಕೈಯಲ್ಲಿರಲಿ. ಯುರೋಪಿನ ಶೆಂಗೆನ್ ವೀಸಾಕ್ಕಂತೂ ಕನಿಷ್ಠ 30,000 ಯೂರೋ ಇನ್ಶೂರೆನ್ಸ್ ಕಡ್ಡಾಯ, ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು. ಆದರೆ ಆ ಪಾಲಿಸಿಯಿಂದ ವೀಸಾ ಸಿಕ್ಕಿತು ಅಂದಮಾತ್ರಕ್ಕೆ ನಿಮ್ಮ ಕಾಯಿಲೆಗೆ ರಕ್ಷಣೆ ಸಿಕ್ಕಿತು ಅಂತ ಅಲ್ಲ.

ಮದ್ದು, ಮತ್ತು ಗಸಗಸೆ

ಹೊರಡುವ ಹಿಂದಿನ ಭಾನುವಾರ ಊಟದ ಮೇಜಿನ ಮೇಲೆ ಹಳೆ ಪಂಚೆ ಹಾಸಿ ಎಲ್ಲ ಮಾತ್ರೆ ಹರಡಿದೆವು. ನಮ್ಮವರು ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಒಂದೊಂದರ ಹೆಸರು, ಅದರ ಪಕ್ಕ ಒಳಗಿನ ಔಷಧದ ಹೆಸರು, ಹೊತ್ತು, ದಿನಕ್ಕೆ ಎಷ್ಟು ಅಂತ ಬರೆದರು. ಕಂಪನಿಯ ಹೆಸರು ಹೇಳಿದರೆ ಹೊರದೇಶದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಡೋಲೋ ಅಂದರೆ ಗೊತ್ತಾಗದು, ಪ್ಯಾರಾಸಿಟಮಾಲ್ ಅಂದರೆ ಗೊತ್ತಾಗುತ್ತದೆ, ಅಮೆರಿಕದಲ್ಲಿ ಅದನ್ನೇ ಅಸೆಟಮಿನೋಫೆನ್ ಅನ್ನುತ್ತಾರೆ. ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ. ಎಲ್ಲವೂ ಕೈಚೀಲದಲ್ಲೇ ಇರಲಿ, ಒಂದು ವಾರದ್ದು ಜಾಸ್ತಿ ಇರಲಿ. ಇನ್ಸುಲಿನ್ ಅಂತೂ ಲಗೇಜಿಗೆ ಹಾಕಲೇಬಾರದು, ಕೆಳಗೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು.

ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಇದ್ದವರು ಎಚ್ಚರ. ಕೋಡೀನ್ ಇರುವ ಔಷಧಕ್ಕೆ ಸಿಂಗಪುರದಲ್ಲಿ, ಟ್ರಾಮಡಾಲ್‌ಗೆ ಯುಎಇಯಲ್ಲಿ ಮೊದಲೇ ಆನ್‌ಲೈನ್‌ನಲ್ಲಿ ಅನುಮತಿ ತಗೋಬೇಕು. ಇಲ್ಲಿ ಚೀಟಿ ಇದ್ದರೆ ಸಾಕು ಅನ್ನುವ ಲೆಕ್ಕ ಅಲ್ಲಿ ನಡೆಯದು.

ಬಾಣಂತಿಗೆ ಅಂತ ನಾನು ಅಂಟಿನುಂಡೆಗೆ ಬೇಕಾದ್ದೆಲ್ಲ ಕಟ್ಟಿಟ್ಟಿದ್ದೆ. ಅದರಲ್ಲಿ ಕಾಲು ಕಿಲೋ ಗಸಗಸೆ. ಫೋನಿನಲ್ಲಿ ಪಟ್ಟಿ ಓದುತ್ತಿದ್ದಾಗ ಮಗಳು "ಅಮ್ಮಾ, ಗಸಗಸೆ ತೆಗೆ, ಈಗಲೇ ತೆಗೆ" ಅಂತ ಕೂಗಿದಳು. ಸಿಂಗಪುರ, ಯುಎಇ, ಸೌದಿ ಅರೇಬಿಯಾದಲ್ಲಿ ಗಸಗಸೆ ನಿಷೇಧ, ಅಫೀಮು ಗಿಡದ ಬೀಜ ಅಂತ. ಪೊಟ್ಟಣ ಬಿಚ್ಚಿ ಡಬ್ಬಕ್ಕೆ ಸುರಿದು, ಚೀಲವನ್ನು ಬಾಲ್ಕನಿಯಲ್ಲಿ ತಲೆಕೆಳಗೆ ಮಾಡಿ ಕೊಡವಿದೆ.

ಡಾಕ್ಟರ ಪತ್ರ ಇಂಗ್ಲಿಷ್‌ನಲ್ಲಿ, ಲೆಟರ್‌ಹೆಡ್ ಮೇಲೆ, ಸಹಿ-ಸೀಲಿನ ಜೊತೆ ಇರಲಿ. ಎದೆಯಲ್ಲಿ ಕೀಮೋ ಪೋರ್ಟ್ (ಮದ್ದು ಹಾಕಲು ಚರ್ಮದಡಿ ಇಡುವ ಪುಟ್ಟ ಸಾಧನ) ಇದ್ದರೆ ಅದರ ಕಾರ್ಡ್ ಜೊತೆಗಿಡಿ. ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ತಗೊಂಡವರು ಕೆಲವು ವಾರದವರೆಗೂ ವಿಮಾನ ನಿಲ್ದಾಣದ ವಿಕಿರಣ ಪತ್ತೆ ಯಂತ್ರವನ್ನು ಕೂಗಿಸಬಹುದು, ಪತ್ರದಲ್ಲಿ ಅದನ್ನೂ ಬರೆಸಿ.

ವಿಮಾನದಲ್ಲಿ

ಕ್ಯಾನ್ಸರ್ ಆದವರಿಗೆ, ಈಚೆಗೆ ಆಪರೇಷನ್ ಆದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ನಾಲ್ಕು ಗಂಟೆಗಿಂತ ಹೆಚ್ಚಿನ ಪ್ರಯಾಣವಾದರೆ ಬಿಗಿ ಸಾಕ್ಸ್ ಬೇಕೋ, ಇಂಜೆಕ್ಷನ್ ಬೇಕೋ ಅಂತ ಡಾಕ್ಟರನ್ನು ಕೇಳಿ. ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಮಾಸ್ಕ್ ಇರಲಿ.

ಅಲ್ಲಿ ಹೋದ ಮೇಲೆ

ಇಳಿದ ದಿನವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ ಎಲ್ಲಿದೆ ಅಂತ ತಿಳಿದುಕೊಳ್ಳಿ. ಥರ್ಮಾಮೀಟರ್ ಕೈಗೆ ಸಿಗುವ ಹಾಗೆ ಇರಲಿ. ಕೀಮೋ ನಡೆಯುತ್ತಿರುವವರಿಗೆ, ಈಚೆಗೆ ಮುಗಿದವರಿಗೆ 100.4 ಡಿಗ್ರಿ ಜ್ವರ ಬಂದರೆ ಅದು ಕಷಾಯದಲ್ಲಿ ಕಳೆಯುವ ಜ್ವರ ಅಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಮಗಳಿಗೂ ಅಳಿಯನಿಗೂ ಮೊದಲ ದಿನವೇ ಕೂರಿಸಿ ಹೇಳಿದೆ. ನಿಂತು ಅಡುಗೆ ಅರ್ಧ ಗಂಟೆ, ಅಷ್ಟೇ. ಮಧ್ಯಾಹ್ನ ಎರಡು ಗಂಟೆ ಮಲಗಲೇಬೇಕು. ಬಾಣಂತಿಗೆ ನೀರು ಹಾಕುವುದು ನನ್ನ ಕೈಲಿ ಆಗುವುದಿಲ್ಲ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುವುದು ಆಗುತ್ತದೆ. ಅಳಿಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಎಣ್ಣೆ ಹಚ್ಚುವ ಸಾಲಿನ ಮುಂದೆ ನನ್ನ ಹೆಸರು, ಡೈಪರಿನ ಮುಂದೆ ಅವನದು.