ಕತ್ತು ನೋಡಿ ಹೆಜ್ಜೆ: ಮಾಗಡಿ ಕೆರೆಯ ಹೆಬ್ಬಾತುಗಳೊಂದಿಗೆ ನನ್ನ ಅನುಭವ

ಮಾಗಡಿ ಎಂದ ಕೂಡಲೇ ಹೆಚ್ಚಿನವರಿಗೆ ಬೆಂಗಳೂರಿನ ಪಕ್ಕದ ಊರು ನೆನಪಾಗುತ್ತದೆ. ನನ್ನ ಮಾಗಡಿ ಗದಗ ಜಿಲ್ಲೆಯದು, ಶಿರಹಟ್ಟಿ ತಾಲ್ಲೂಕಿನದು. ಗದಗದಿಂದ ಲಕ್ಷ್ಮೇಶ್ವರದ ರಸ್ತೆ ಹಿಡಿದರೆ ಸುಮಾರು 26 ಕಿಲೋಮೀಟರ್. ನವೆಂಬರ್ ಬಂತೆಂದರೆ ಅಲ್ಲಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಬೂದು ಮೈ, ಹಳದಿ ಕೊಕ್ಕು, ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ. 2024ರಲ್ಲಿ ಈ ಕೆರೆ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ನಾನು ಅಲ್ಲಿಗೆ ಹೋಗತೊಡಗಿದ್ದು ಅದಕ್ಕೂ ಆರು ವರ್ಷ ಮೊದಲು.

ಮೊದಲ ಚಳಿಗಾಲದಲ್ಲಿ ತೆಗೆದ ಚಿತ್ರಗಳಲ್ಲಿ ಒಂದನ್ನೂ ನಾನು ಉಳಿಸಿಕೊಂಡಿಲ್ಲ. ಎಲ್ಲವೂ ದೂರ ಹಾರುತ್ತಿರುವ ಹಕ್ಕಿಗಳ ಬೆನ್ನು, ಬಾಲ. ತಿಳಿಬಣ್ಣದ ಅಂಗಿ ತೊಟ್ಟು ಕೆರೆಯ ಏರಿಯ ಮೇಲೆ ನೆಟ್ಟಗೆ ನಡೆದುಹೋಗುತ್ತಿದ್ದೆ. ಆಕಾಶದ ಎದುರು ಎದ್ದು ಕಾಣುವ ಮನುಷ್ಯಾಕೃತಿಯನ್ನು ಯಾವ ಹಕ್ಕಿ ತಾನೇ ಸಹಿಸೀತು? ಒಂದು ಬೆಳಿಗ್ಗೆ ಹಿಂಡಿಗೆ ಹಿಂಡೇ ಎದ್ದು ಹೋಯಿತು. ಪಕ್ಕದ ಕಡಲೆ ಹೊಲದಲ್ಲಿದ್ದ ಅಜ್ಜ ನನ್ನನ್ನು ಬದುವಿನ ಬಳಿಗೆ ಕರೆದರು. "ತಮ್ಮಾ, ಅವು ರಾತ್ರಿ ಮೇಯ್ದು ಈಗ ತಾನೇ ನೀರಿಗೆ ಬಂದಿವೆ. ದಣಿದು ಮಲಗಿದವರನ್ನು ಹೀಗೆ ಎಬ್ಬಿಸುತ್ತಾರೆಯೇ? ಅವುಗಳ ಕತ್ತು ನೋಡಿ ಹೆಜ್ಜೆ ಇಡು" ಎಂದರು.

ಕತ್ತು ನೋಡುವುದೆಂದರೆ ಏನೆಂದು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ನೆಮ್ಮದಿಯಲ್ಲಿರುವ ಹಿಂಡಿನಲ್ಲಿ ಹೆಚ್ಚಿನ ಹಕ್ಕಿಗಳು ಕತ್ತನ್ನು ಬೆನ್ನಿನ ಗರಿಗಳಲ್ಲಿ ಹುದುಗಿಸಿ, ಒಂಟಿಗಾಲಿನಲ್ಲಿ ನಿಂತಿರುತ್ತವೆ ಅಥವಾ ಕುಳಿತಿರುತ್ತವೆ. ಅಂಚಿನಲ್ಲಿ ಒಂದೆರಡು ಮಾತ್ರ ತಲೆ ಎತ್ತಿ ಕಾವಲು ಕಾಯುತ್ತವೆ. ನಾನು ಸರಿಯುವಾಗ ಆ ಎತ್ತಿದ ಕತ್ತುಗಳನ್ನು ಎಣಿಸುತ್ತೇನೆ. ಎರಡು ಇದ್ದದ್ದು ಐದಾದರೆ ಅಲ್ಲೇ ಕೂರುತ್ತೇನೆ. ಮತ್ತೆ ಎರಡಕ್ಕೆ ಇಳಿಯುವವರೆಗೆ ಕ್ಯಾಮೆರಾ ಕೂಡ ಎತ್ತುವುದಿಲ್ಲ. ಹತ್ತು ನಿಮಿಷವೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು. ಅರ್ಧದಷ್ಟು ಕತ್ತುಗಳು ನೆಟ್ಟಗಾದವೆಂದರೆ ನಾನು ಆಗಲೇ ಮಿತಿ ದಾಟಿದ್ದೇನೆ ಎಂದರ್ಥ. ಮೆಲ್ಲನೆ ಹಿಂದೆ ಸರಿಯುವುದೊಂದೇ ದಾರಿ.

ಹಾರುವ ಮುನ್ನಿನ ಸೂಚನೆಯೂ ಕತ್ತಿನಲ್ಲೇ ಇದೆ. ಅದರಲ್ಲಿ ಭಯವಿರುವುದಿಲ್ಲ, ಹೊರಡುವ ಸಿದ್ಧತೆ ಇರುತ್ತದೆ. ಒಂದು ಹಕ್ಕಿ ತಲೆ ಎತ್ತಿ ಕೊಕ್ಕನ್ನು ಅತ್ತಿತ್ತ ಚುರುಕಾಗಿ ಒದರುತ್ತದೆ. ಪಕ್ಕದ್ದೂ ಹಾಗೆಯೇ ಮಾಡುತ್ತದೆ. ಮೂಗಿನಿಂದ ಹೊರಟಂಥ "ಆಂಗ್, ಆಂಗ್" ಕೂಗು ಬಿರುಸಾಗುತ್ತದೆ. ಆ ಹಕ್ಕಿಗಳ ಕುಟುಂಬ ಗಾಳಿಗೆ ಮುಖ ಮಾಡಿತೆಂದರೆ ಇನ್ನು ಕೆಲವೇ ಕ್ಷಣ. ಇದನ್ನು ಕಲಿತ ಮೇಲೆ ರೆಕ್ಕೆ ಬಿಚ್ಚುವ ಮೊದಲ ಗಳಿಗೆಯ ಚಿತ್ರ ನನಗೆ ಸಿಗತೊಡಗಿತು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುತ್ತದೆ, ಹೆಬ್ಬಾತುಗಳು ಗಾಳಿಗೆ ಎದುರಾಗಿಯೇ ಏಳುತ್ತವೆ. ಆದ್ದರಿಂದ ಬೆಳಿಗ್ಗೆ ಕೆರೆಯ ಪೂರ್ವ ದಂಡೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ಕುಳಿತರೆ, ಹಕ್ಕಿಗಳು ಮುಖದ ಮೇಲೆ ಬಿಸಿಲು ಹೊತ್ತು ನಮ್ಮ ಕಡೆಗೇ ಬರುತ್ತವೆ.

ನನ್ನ ಸಲಕರಣೆ ಹೆಚ್ಚಿಲ್ಲ. 150–600 ಮಿಲಿಮೀಟರ್ ಝೂಮ್ ಲೆನ್ಸ್, ಅದಕ್ಕೆ ಆಸರೆಯಾಗಿ ಜೋಳ ತುಂಬಿದ ಬಟ್ಟೆಯ ಚೀಲ, ಮಣ್ಣಿನ ಬಣ್ಣದ ಶಾಲು. ನೆಲಕ್ಕೆ ಮಲಗಿ ಹಕ್ಕಿಯ ಕಣ್ಣಿನ ಮಟ್ಟದಿಂದ ತೆಗೆಯುತ್ತೇನೆ. ಹಾರಾಟಕ್ಕೆ ಶಟರ್ ವೇಗ 1/2000 ಸೆಕೆಂಡ್, ವಿಶ್ರಾಂತಿಯಲ್ಲಿದ್ದರೆ 1/500 ಸಾಕು. ಕಪ್ಪು ನೀರಿನ ಹಿನ್ನೆಲೆ ಇದ್ದಾಗ ಕ್ಯಾಮೆರಾ ಮೋಸಹೋಗಿ ಬೆಳಕನ್ನು ಹೆಚ್ಚಿಸುತ್ತದೆ, ಬಿಳಿ ತಲೆ ಸುಣ್ಣ ಬಳಿದಂತಾಗುತ್ತದೆ. ಅದಕ್ಕೇ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ದಕ್ಕುವ ಬೆಳಕನ್ನು, ತುಸು ಇಳಿಸುತ್ತೇನೆ. ಬಿಸಿಲೇರಿ ನೆಲ ಕಾದು ಗಾಳಿ ಅಲುಗತೊಡಗಿದರೆ ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಚಿತ್ರ ಮಸುಕೇ. ಆಗ ಕ್ಯಾಮೆರಾ ಮುಚ್ಚಿ ದುರ್ಬೀನು ಹಿಡಿಯುತ್ತೇನೆ. ನಿಜವಾದ ನೋಟ ನನಗೆ ದಕ್ಕಿದ್ದು ಈ ಹೊತ್ತಿನಲ್ಲೇ.

ಒಂದು ಗಂಡು ಇನ್ನೊಂದನ್ನು ಓಡಿಸುವುದನ್ನು ನೋಡಬೇಕು. ಕತ್ತನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ, ಕೊಕ್ಕು ತೆರೆದು ನುಗ್ಗುತ್ತದೆ. ಎದುರಾಳಿ ಸರಿದ ತಕ್ಷಣ ತಿರುಗಿ ತನ್ನ ಜೊತೆಗಾತಿಯ ಬಳಿಗೆ ಓಡಿಬರುತ್ತದೆ. ಇಬ್ಬರೂ ಕತ್ತು ಚಾಚಿ, ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು ಒಟ್ಟಿಗೆ ಕೂಗುತ್ತವೆ. ಮರಿಗಳಿದ್ದರೆ ಅವೂ ದನಿಗೂಡಿಸುತ್ತವೆ. ಜಗಳಕ್ಕಿಂತ ಜಗಳದ ನಂತರದ ಈ ಕ್ಷಣ ನನಗೆ ಹೆಚ್ಚು ಪ್ರಿಯ. ಹೆಚ್ಚಿನ ಛಾಯಾಗ್ರಾಹಕರು ಜಗಳ ಮುಗಿಯಿತೆಂದು ಬೆರಳು ತೆಗೆಯುವುದು ಇಲ್ಲೇ.

ಇನ್ನೊಂದು ನೋಟ ಇಳಿಯುವಾಗಿನದು. ಎತ್ತರದಿಂದ ಬೇಗ ಕೆಳಗಿಳಿಯಬೇಕಾದಾಗ ಕೆಲವು ಹಕ್ಕಿಗಳು ಗಾಳಿಯಲ್ಲೇ ಮೈಯನ್ನು ತಲೆಕೆಳಗು ಮಾಡಿ ಜಾರುತ್ತವೆ. ಹೊಟ್ಟೆ ಆಕಾಶಕ್ಕೆ, ರೆಕ್ಕೆ ತಿರುವುಮುರುವು. ಆದರೆ ಕತ್ತು ತಿರುಚಿ ತಲೆ ಮಾತ್ರ ನೆಟ್ಟಗೇ ಇರುತ್ತದೆ. ಮೊದಲ ಸಲ ಪರದೆಯ ಮೇಲೆ ಆ ಚಿತ್ರ ನೋಡಿದಾಗ ಹಕ್ಕಿಗೆ ಪೆಟ್ಟಾಗಿದೆಯೆಂದು ಎದೆ ಹಾರಿತ್ತು.

ಈ ಹಕ್ಕಿಗಳು ಮಂಗೋಲಿಯಾ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತವೆ. ಬೆನ್ನಿಗೆ ಕಟ್ಟಿದ ಯಂತ್ರಗಳ ಮೂಲಕ ಅವು 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. ಫೆಬ್ರವರಿ, ಮಾರ್ಚಿನಲ್ಲಿ ನಮ್ಮ ಹೊಲಗಳಲ್ಲಿ ತಿಂದದ್ದೇ ಮರುಪ್ರಯಾಣದ ಬುತ್ತಿ. ಒಂದು ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸಿದರೆ ಆ ಬುತ್ತಿಗೆ ಕೈ ಹಾಕಿದಂತೆ. ಹಾರಲೆಂದು ಕಲ್ಲೆಸೆಯುವವರನ್ನೂ ಡ್ರೋನ್ ಬಿಡುವವರನ್ನೂ ಕಂಡಾಗ ನಾನು ಸುಮ್ಮನಿರುವುದಿಲ್ಲ, ಹೋಗಿ ಮಾತನಾಡುತ್ತೇನೆ.

ಕಳೆದ ಚಳಿಗಾಲ ಒಂದೇ ಕುಟುಂಬವನ್ನು ಹಿಂಬಾಲಿಸಿದೆ. ತಲೆಯ ಪಟ್ಟೆ ಎಲ್ಲ ಹಕ್ಕಿಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಈ ಕುಟುಂಬದ ದೊಡ್ಡ ಹಕ್ಕಿಯೊಂದರ ಕೆಳಪಟ್ಟೆ ನಡುವೆ ತುಂಡಾಗಿತ್ತು. ಅದೇ ನನಗೆ ಗುರುತು. ಅದರ ಜೊತೆ ಮೂರು ಮರಿಗಳು. ಮೊದಲ ವರ್ಷದ ಮರಿಗಳಿಗೆ ಆರಂಭದಲ್ಲಿ ಆ ಎರಡು ಪಟ್ಟೆಗಳಿರುವುದಿಲ್ಲ, ನೆತ್ತಿ ಮಸಿ ಹಚ್ಚಿದಂತೆ ಮಂಕಾಗಿರುತ್ತದೆ. ಡಿಸೆಂಬರಿನಿಂದ ಪ್ರತಿ ಭಾನುವಾರ ಆ ಮೂರು ತಲೆಗಳ ಚಿತ್ರ ತೆಗೆದೆ. ಜನವರಿಯಲ್ಲಿ ಮಂಕು ಅಲ್ಲಲ್ಲಿ ತಿಳಿಯಾಯಿತು. ಫೆಬ್ರವರಿಯ ಕೊನೆಗೆ ಮೇಲ್ಪಟ್ಟೆಯ ಅಂಚು ಮೂಡಿತ್ತು. ಮಾರ್ಚಿನ ಎರಡನೆಯ ಭಾನುವಾರ ಹತ್ತಿರದ ಮರಿಯೊಂದು ಕತ್ತು ಎತ್ತಿ ಕಾವಲು ನಿಂತಿತ್ತು, ತಾಯಿತಂದೆ ಮಲಗಿದ್ದವು. ಅದರ ತಲೆಯ ಹಿಂದೆ ಎರಡೂ ಪಟ್ಟೆ ಸ್ಪಷ್ಟವಾಗಿದ್ದವು. ಮುಂದಿನ ಭಾನುವಾರ ಹೋದಾಗ ದಂಡೆಯಲ್ಲಿ ಹುಲ್ಲಿನ ನಾರು ತುಂಬಿದ ಒಣ ಹಿಕ್ಕೆಗಳು, ಒಂದೆರಡು ಬೂದು ಗರಿ, ಇಳಿದು ಹೋದ ನೀರು.