ಮಳೆ ಬಂದಾಗ ಕಾರಿನ ಮ್ಯಾಟ್ ಒದ್ದೆಯಾಗುತ್ತಿದೆಯಾ? ಸನ್‌ರೂಫ್ ತೂತು ನೋಡಿ
ಸೆಕೆಂಡ್ ಹ್ಯಾಂಡ್ ಲಕ್ಷುರಿ ಎಸ್‌ಯುವಿ ತಗೊಂಡವರು ಮ್ಯಾಟ್ ಒದ್ದೆಯಾದ ಕೂಡಲೇ ಸನ್‌ರೂಫ್ ರಬ್ಬರ್ ಬದಲಿಸಲು ಓಡಬೇಡಿ. ಸನ್‌ರೂಫ್ ತೆರೆದು, ಮೂಲೆಯಲ್ಲಿರುವ ಸಣ್ಣ ತೂತುಗಳಿಗೆ ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ನಿಧಾನಕ್ಕೆ ತೂರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ಗಾಡಿ ಕೆಳಗೆ ಚಕ್ರದ ಹತ್ತಿರ ಬೀಳುತ್ತದಾ ನೋಡಿ. ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಗೆ ಬಂದದ್ದು ಈ ತೂತುಗಳಿಗೆ ಜೋಡಿಸಿದ ಪೈಪ್‌ಗಳಲ್ಲೇ ಇಳಿದು ಹೋಗಬೇಕು. ನಮ್ಮ ಚಿತ್ರದುರ್ಗದ ಧೂಳಿಗೆ ಬೇವಿನ ಎಲೆ ಸೇರಿದರೆ ಕಟ್ಟಿಕೊಳ್ಳದೆ ಇರುತ್ತದಾ! ಪಂಕ್ಚರ್ ಅಂಗಡಿಯಲ್ಲಿ ಜೋರು ಗಾಳಿ ಮಾತ್ರ ಹೊಡೆಸಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಸೀಲಿಂಗ್ ಬಿಚ್ಚಬೇಕಾಗುತ್ತದೆ, ಖರ್ಚು ಕೇಳಲೇಬೇಡಿ. ಪೈಪ್ ಮೊದಲೇ ಕಳಚಿದ್ದರೆ ಅಥವಾ ಸೀಳಿದ್ದರೆ ಈ ಉಪಾಯ ನಡೆಯುವುದಿಲ್ಲ. ಮಳೆ ಇಲ್ಲದೆಯೂ ಒದ್ದೆಯಾಗುತ್ತಿದ್ದರೆ ಅದು ಹೆಚ್ಚಾಗಿ ಎಸಿ ನೀರು, ಅದರ ಪೈಪೇ ಬೇರೆ.