ಒಂದೇ ಮೇಜು, ಎರಡು ಸಂಗೀತ ಪತ್ರಿಕೆ

ಕೆಲವು ವರ್ಷ ನನ್ನ ಡಿಟಿಪಿ ಅಂಗಡಿಯಲ್ಲಿ ಎರಡು ಸಂಗೀತ ಪತ್ರಿಕೆಗಳಿಗೆ ಪುಟ ಕಟ್ಟುತ್ತಿದ್ದೆ. ಒಂದು, ಸಂಗೀತ ಸಭೆಯೊಂದರ ಮಾಸಿಕ. ಓದುಗರು ಬಹುಪಾಲು ಅರವತ್ತು ದಾಟಿದವರು. ಇನ್ನೊಂದು, ರಾಕ್ ಹುಚ್ಚು ಹತ್ತಿದ ಕಾಲೇಜು ಹುಡುಗರು ಕೈಯಿಂದ ದುಡ್ಡು ಹಾಕಿ ಕನ್ನಡದಲ್ಲೇ ತರುತ್ತಿದ್ದದ್ದು.

ಹುಡುಗರು ಮೊದಲ ದಿನವೇ ಹಳೇ ‘ಕೆರ್ರಾಂಗ್’ ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿದರು. 1981ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಪತ್ರಿಕೆ. ಹೆಸರೇ ಗಿಟಾರಿನ ತಂತಿ ಬಾರಿಸಿದ ಸದ್ದು, ಹೆಸರಿನ ಅಕ್ಷರಗಳೂ ಒಡೆದ ಗಾಜಿನ ಹಾಗೆ. ಅಮೆರಿಕದ ಸಂಗೀತ ಪತ್ರಿಕೆ ‘ರೇ ಗನ್’ನ ಪುಟ ವಿನ್ಯಾಸಕ ಡೇವಿಡ್ ಕಾರ್ಸನ್ ಕಥೆಯನ್ನೂ ಹೇಳಿದರು: ಗಾಯಕ ಬ್ರಯಾನ್ ಫೆರಿಯ ಸಂದರ್ಶನ ಸಪ್ಪೆ ಅನ್ನಿಸಿ, ಅದನ್ನು ಬರೀ ಚಿಹ್ನೆಗಳಿರುವ ಡಿಂಗ್‌ಬ್ಯಾಟ್ಸ್ ಫಾಂಟಿನಲ್ಲಿ ಅಚ್ಚು ಹಾಕಿಸಿದನಂತೆ. ನಮ್ಮ ಸಭೆಯ ಅಧ್ಯಕ್ಷರ ಸಂದೇಶಕ್ಕೆ ಹಾಗೆ ಮಾಡುವ ಆಸೆ ನನಗೂ ಒಮ್ಮೊಮ್ಮೆ ಬಂದದ್ದುಂಟು.

ಕನ್ನಡದ ಅಕ್ಷರವನ್ನು ಹಾಗೆ ಸಿಕ್ಕಾಪಟ್ಟೆ ಕತ್ತರಿಸಲಾಗದು. ಒತ್ತು ಹಾರಿದರೆ ಪದವೇ ಬೇರೆ. ಕೊನೆಗೆ ತಲೆಬರಹಗಳನ್ನು ಮಾರ್ಕರಿನಲ್ಲಿ ಬರೆಸಿ ಸ್ಕ್ಯಾನ್ ಮಾಡಿಕೊಂಡೆ. ಒಳಗಿನ ಬರಹ ಸಾದಾ ಫಾಂಟಿನಲ್ಲೇ ಉಳಿಯಿತು.

ಸಭೆಯ ಪತ್ರಿಕೆಯಲ್ಲಿ ಬೆವರಿಳಿಸಿದ್ದು ಸ್ವರಲಿಪಿ, ಅಂದರೆ ಹಾಡಿನ ಸ್ವರಗಳನ್ನು ಬರೆದಿಡುವ ಕ್ರಮ. ತಾರಸ್ಥಾಯಿಗೆ, ಅಂದರೆ ಮೇಲಿನ ಸ್ಥಾಯಿಗೆ, ಸ್ವರದ ಮೇಲೆ ಚುಕ್ಕಿ ಇಡಬೇಕು. ‘ರಿ’, ‘ನಿ’ಗಳ ಗುಡಿಸು ಅಲ್ಲೇ ಕೂತಿರುತ್ತದೆ. ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಅದರ ಮೇಲೊಂದು ಗೆರೆ. ಕೆಳಗಿನ ಸ್ಥಾಯಿಯಾದ ಮಂದ್ರದ ಚುಕ್ಕಿ ಕೆಳಗೆ, ಅದರಡಿಯಲ್ಲಿ ಸಾಹಿತ್ಯದ ಸಾಲು. ಸಾಲಿನ ಅಂತರ ಸ್ವಲ್ಪ ಕಡಿಮೆಯಾದರೂ ಚುಕ್ಕಿ ಯಾವ ಸಾಲಿನದು ಅಂತ ತಿಳಿಯದು. ಸ್ಪೇಸ್ ಒತ್ತಿ ಒತ್ತಿ ಸಾಕಾಗಿ, ಎಂಟು ಎಣಿಕೆಯ ಆದಿತಾಳಕ್ಕೆ ಎಂಟು ಮನೆಯ ಟೇಬಲ್ ಹಾಕಿದೆ; ನಾಲ್ಕು, ಎರಡು, ಎರಡು ಮನೆಗಳಾದ ಮೇಲೆ ಗೆರೆ. ತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, ಒಂದು ಸಾಲು. ಮಡಿಲಲ್ಲಿ ಪತ್ರಿಕೆ ಇಟ್ಟುಕೊಂಡು ತಾಳ ಹಾಕುವವರಿಗೆ ಕಣ್ಣು ಸರಿಯಾದ ಜಾಗಕ್ಕೆ ಮರಳಬೇಕಲ್ಲ.

ಒಮ್ಮೆ ಜಂಬ ಬಂತು. ಹುಡುಗರ ಪತ್ರಿಕೆಯಲ್ಲಿ ಮೆಚ್ಚುಗೆ ಪಡೆದ ಕಪ್ಪು ಪುಟ, ಬಿಳಿ ಅಕ್ಷರವನ್ನು ಸಭೆಯ ವೀಣೆಯ ಲೇಖನಕ್ಕೂ ತಂದೆ. ಮಾನಿಟರಿನಲ್ಲಿ ಚೆಂದವಿತ್ತು. ಅಚ್ಚಿನಲ್ಲಿ ಮಸಿ ಹರಡಿ ಸಣ್ಣ ಒತ್ತಕ್ಷರಗಳೆಲ್ಲ ಮುಚ್ಚಿಹೋದವು. ಹಿರಿಯ ಚಂದಾದಾರರೊಬ್ಬರು ಅಂಗಡಿಗೇ ಬಂದರು. “ಏನಪ್ಪಾ, ಪತ್ರಿಕೆಗೆ ಗ್ರಹಣ ಹಿಡಿದಿದೆಯಾ?” ಹುಡುಗರ ಪತ್ರಿಕೆಯಲ್ಲೂ ಮಸಿ ಹಾಗೇ ಹರಡಿತ್ತು. ಅವರು ಅದನ್ನು ‘ಮಸ್ತ್ ಎಫೆಕ್ಟ್’ ಅಂದಿದ್ದರು!

ಮುಂದಿನ ತಿಂಗಳು ಹುಡುಗರಿಗೆ ಗಿಟಾರ್ ಟ್ಯಾಬ್ ಬೇಕಾಯಿತು: ಆರು ತಂತಿಗೆ ಆರು ಗೆರೆ, ಗೆರೆಯ ಮೇಲೇ ಬೆರಳು ಒತ್ತಬೇಕಾದ ಫ್ರೆಟ್ಟಿನ ಅಂಕಿ. ಒಬ್ಬ ನನ್ನ ಮಾನಿಟರಿನಲ್ಲಿದ್ದ ಕೀರ್ತನೆಯ ಪುಟ ನೋಡಿ, “ಅಣ್ಣಾ, ಇದನ್ನೇ ಹಾಕಿ” ಅಂದ. ನಾಲ್ಕು ಎಣಿಕೆಯ ಎರಡು ಬಾರ್ (ತಾಳದ ಖಂಡ) ಅಂದರೂ ಎಂಟೇ ಮನೆ. ಆದಿತಾಳದ ಟೇಬಲ್ಲನ್ನೇ ನಕಲು ಮಾಡಿ, ಆರನೇ ಮನೆಯ ನಂತರದ ಗೆರೆಯೊಂದನ್ನು ಅಳಿಸಿದೆ.